ಪಾಸ್‌ಪೋರ್ಟ್ ಇಲ್ಲದ ಫಾರಿನ್ ಮೇಷ್ಟ್ರು

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಈಚೆಗೆ ನನಗೆ ಸಿಗುತ್ತಿದೆ. ಹದಿನಾಲ್ಕು ವರ್ಷ ಸಿಕ್ಕಿರಲಿಲ್ಲ. ಅಲ್ಲಿ ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರು ಕೂರುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವರು ನಿವೃತ್ತರಾಗಿ, ಹಾಸನದ ಬಾಡಿಗೆ ಮನೆ ಖಾಲಿ ಮಾಡಿ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರವಿರುವ ತಮ್ಮ ಜಮೀನಿಗೆ ಹೋಗಿ ಸೇರಿಕೊಂಡರು. ಸೀಟು ಸಿಕ್ಕಿದ್ದಕ್ಕೆ ಮೊದಲ ವಾರ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಎರಡನೇ ವಾರದಿಂದ ಬೇಜಾರು ಶುರುವಾಯಿತು. ಇಷ್ಟು ವರ್ಷ ದಾರಿ ಸಾಗುತ್ತಿದ್ದದ್ದು ರೈಲಿನಿಂದಲ್ಲ, ಅವರ ಮಾತಿನಿಂದ ಅನ್ನುವುದು ಆಗ ಗೊತ್ತಾಯಿತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಲ್ಲಿಪಟ್ಟಣದಿಂದ ಫೋನ್ ಬರುತ್ತದೆ, "ಏನ್ ಮೇಡಂ, ನಾನಿನ್ನೂ ಗಟ್ಟಿಮುಟ್ಟಾಗಿದೀನಿ, ಆಗಲೇ ಬರೆದು ಮುಗಿಸಿಬಿಟ್ರಾ?" ಅಂತ. ನಾನು ವಾಣಿಜ್ಯ ವಿಭಾಗದವಳು. ಚನ್ನರಾಯಪಟ್ಟಣದಲ್ಲಿ ಹುಟ್ಟಿ ಹಾಸನಕ್ಕೆ ಸೊಸೆಯಾಗಿ ಬಂದವಳು. ಮೂಗಿನ ತುದಿಯಲ್ಲೇ ಕೋಪ ಇರುವವಳು ಎಂದು ಕಾಲೇಜಿನಲ್ಲಿ ನನಗೆ ಹೆಸರಿದೆ. ಇಂಥವಳ ಜೊತೆ ಹದಿನಾಲ್ಕು ವರ್ಷ ಒಂದೇ ಬೋಗಿಯಲ್ಲಿ ಓಡಾಡಿ ಒಂದು ದಿನವೂ ಜಗಳವಾಡದೆ ಉಳಿದರು ಅನ್ನುವುದೇ ಆ ಮನುಷ್ಯನ ಬಗ್ಗೆ ಅರ್ಧ ಹೇಳಿದ ಹಾಗೆ.

ವಿದ್ಯಾರ್ಥಿಗಳು ಅವರಿಗೆ 'ಫಾರಿನ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅವರು ಕಲಿಸುತ್ತಿದ್ದದ್ದು ಅಂತರರಾಷ್ಟ್ರೀಯ ಸಂಬಂಧಗಳು. ಯಾವ ದೇಶದಲ್ಲಿ ಯಾರು ಪದಚ್ಯುತರಾದರು, ಯಾವ ಗಡಿಯಲ್ಲಿ ಬೇಲಿ ಕಿತ್ತರು, ಎಲ್ಲವೂ ಅವರ ನಾಲಗೆ ತುದಿಯಲ್ಲಿ. ಆದರೆ ಸ್ವತಃ ಅವರು ದೇಶ ಬಿಟ್ಟು ಹೋದವರಲ್ಲ. ಒಮ್ಮೆ ಒಂದು ವಿಚಾರಸಂಕಿರಣಕ್ಕೆಂದು ದೆಹಲಿಗೆ ಹೋಗಿ, ಮೂರು ದಿನ ಮೂಗು ಸೋರಿಸಿಕೊಂಡು ವಾಪಸ್ ಬಂದಿದ್ದರು, ಅಷ್ಟೆ. "ಸಾರ್, ಪಾಸ್‌ಪೋರ್ಟ್ ಆದ್ರೂ ಮಾಡಿಸ್ಕೊಳಿ" ಎಂದು ವಿದ್ಯಾರ್ಥಿಗಳು ರೇಗಿಸಿದರೆ, "ರೇಷನ್ ಕಾರ್ಡ್ ಇದೆಯಲ್ಲ, ಅದರಲ್ಲೂ ನನ್ನ ಫೋಟೋ ಚೆನ್ನಾಗಿಯೇ ಬಂದಿದೆ" ಅನ್ನುತ್ತಿದ್ದರು.

ಪೇಪರ್ ಓದುವ ಅವರ ರೀತಿ ವಿಚಿತ್ರವಾಗಿತ್ತು. ರೈಲು ಹತ್ತಿದ ಕೂಡಲೇ ವಿದೇಶದ ಪುಟ ತೆಗೆದು, ಅದನ್ನು ಅಂಗೈಯಗಲಕ್ಕೆ ಮಡಚಿ ಓದುವುದು. ಆಮೇಲೆ ಹಾಸನ ಜಿಲ್ಲೆಯ ಪುಟ ತೆಗೆದು ಅದೇ ಅಳತೆಗೆ ಮಡಚಿ ಓದುವುದು. ನಡುವಿನ ಪುಟಗಳನ್ನೆಲ್ಲ ನನ್ನ ಮಡಿಲಿಗೆ ಹಾಕುತ್ತಿದ್ದರು. ಒಮ್ಮೆ ನಾನು, "ಬೆಂಗಳೂರು, ದೆಹಲಿ ನಿಮಗೆ ಬೇಡವಾ ಸಾರ್?" ಎಂದು ಕೇಳಿದೆ. "ಅವೆಲ್ಲ ಮಧ್ಯದ ಸ್ಟೇಷನ್‌ಗಳು ಮೇಡಂ. ಜಗಳ ಹತ್ತೋದು ಇಲ್ಲಿ, ಇಳಿಯೋದು ಅಲ್ಲಿ" ಅಂದರು. ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವೂ ನನಗಿಲ್ಲ, ತಲೆಯಾಡಿಸಿದೆ.

ಪಾಠಕ್ಕೆ ಹೋದವರು ಮೊದಲು ಬೋರ್ಡಿನ ಎಡಗಡೆ ಒಂದರ ಕೆಳಗೊಂದು ಐದು ಪದ ಬರೆಯುತ್ತಿದ್ದರು. ಮನೆ, ಬೀದಿ, ಊರು, ದೇಶ, ಪರದೇಶ. ಯಾವ ಯುದ್ಧದ ಪಾಠವಾದರೂ ಮೊದಲ ಪ್ರಶ್ನೆ ಒಂದೇ, "ಮನೇಲಿ ಏನಾಗಿತ್ತು?" ಪಕ್ಕದ ಕೊಠಡಿಯಲ್ಲಿ ನಾನು ಲೆಕ್ಕಶಾಸ್ತ್ರ ಹೇಳುತ್ತಿದ್ದರೆ ಅವರ ಕಂಠ ಗೋಡೆ ದಾಟಿ ಬರುತ್ತಿತ್ತು. "ಒಂದು ದೇಶದೊಳಗೆ ಇಬ್ಬರು ಕುರ್ಚಿಗೆ ಕಿತ್ತಾಡ್ತಾರೆ ಕಣ್ರಯ್ಯ. ಸೋತವನು ಓಡಿಹೋಗಿ ಪಕ್ಕದ ದೇಶದಲ್ಲಿ ಕೂರ್ತಾನೆ. ಅವರು ಮೊದಲು ಊಟ ಹಾಕ್ತಾರೆ, ಆಮೇಲೆ ಕೋವಿ ಕೊಡ್ತಾರೆ. ಗೆದ್ದವನು ಸುಮ್ನಿರ್ತಾನಾ? ಅವನು ಇನ್ನೊಂದು ದೇಶದವನ ಮನೆ ಬಾಗಿಲು ತಟ್ತಾನೆ. ಅಲ್ಲಿಗೆ ಇಬ್ಬರ ಜಗಳ ಮೂರು ದೇಶದ್ದಾಯ್ತು. ನೀವು ಪರೀಕ್ಷೇಲಿ ಮೂರು ದೇಶದ ಹೆಸರು ಬರೀತೀರಿ, ಆ ಇಬ್ಬರನ್ನ ಮರೀತೀರಿ!" ನನ್ನ ವಿದ್ಯಾರ್ಥಿಗಳೂ ಜಮಾ ಖರ್ಚು ಬಿಟ್ಟು ಅತ್ತ ಕಿವಿ ಕೊಡುತ್ತಿದ್ದರು. ನಾನು ಸಿಡಿಮಿಡಿಗುಟ್ಟುತ್ತ ಕಿಟಕಿ ಮುಚ್ಚಿಸುತ್ತಿದ್ದೆ.

ಇಷ್ಟೆಲ್ಲ ಜಗಳದ ಪಂಡಿತರಾದರೂ ಸ್ವಂತಕ್ಕೆ ಜಗಳವಾಡಲು ಅವರಿಗೆ ಬರುತ್ತಿರಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಫ್ಯಾನುಗಳಿದ್ದವು. ಒಂದು ಸುಟ್ಟುಹೋಯಿತು. ಉಳಿದ ಒಂದನ್ನು ಕಲಾ ವಿಭಾಗದವರು ತಮ್ಮ ಕಡೆ ಎಳೆದುಕೊಂಡರು. ವಾಣಿಜ್ಯದವರ ಪರವಾಗಿ ನಾನು ಸೆರಗು ಸಿಕ್ಕಿಸಿ ನಿಂತೆ. ವಿಷಯ ಪ್ರಾಂಶುಪಾಲರಿಗೆ ಹೋಯಿತು, ಅಲ್ಲಿಂದ ಹಾಸನಕ್ಕೆ ಪತ್ರ ಹೋಯಿತು, ಹಾಸನದಿಂದ ಬೆಂಗಳೂರಿನವರೆಗೂ ಸುದ್ದಿ ಮುಟ್ಟಿತು. ಮೇಷ್ಟ್ರು ಮಾತ್ರ ತಮ್ಮ ಕುರ್ಚಿ ಎತ್ತಿಕೊಂಡು ವರಾಂಡಕ್ಕೆ ಹೋಗಿ ಕೂತುಬಿಟ್ಟರು. ಒಂದು ದಿನ ರೈಲಿನಲ್ಲಿ ಹಾಜರಿ ಪಟ್ಟಿಯ ಹಿಂಬದಿಯಲ್ಲಿ ಆ ಜಗಳದ ನಕ್ಷೆ ಬರೆದು ನನ್ನ ಮುಂದೆ ಹಿಡಿದರು. ಎಲ್ಲಕ್ಕಿಂತ ಕೆಳಗೆ ಒಂದು ಪುಟ್ಟ ಪ್ರಶ್ನೆ ಇತ್ತು, 'ಸುಟ್ಟ ಫ್ಯಾನನ್ನು ರಿಪೇರಿಗೆ ಕೊಟ್ಟರೇ?' ಯಾರೂ ಕೊಟ್ಟಿರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ನಾನೇ ಹೊತ್ತುಕೊಂಡು ಹೋಗಿ ರಿಪೇರಿಗೆ ಕೊಟ್ಟು ಬಂದೆ.

ಬೀಳ್ಕೊಡುಗೆಯ ದಿನ ಅವರು ಮಾತಾಡಿದ್ದು ಮೂರೇ ವಾಕ್ಯ. "ಮೂವತ್ತು ವರ್ಷ ಪಾಠ ಮಾಡಿದೆ. ಅದರಲ್ಲಿ ಹೆಚ್ಚಿನದು ಪುಸ್ತಕದ್ದು. ಒಂದು ಪಾಠ ಮಾತ್ರ ಹಳೇಕೋಟೆ ಹೋಬಳಿಯಲ್ಲಿ ಕಲಿತದ್ದು, ಅದಕ್ಕೆ ನಮ್ಮ ವಾಣಿಜ್ಯದ ಮೇಡಂ ಸಾಕ್ಷಿ." ಹೇಳಿ ಕೂತುಬಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು. ಆ ಪಾಠದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಅವರ ನಿವೃತ್ತಿಗೆ ಒಂದು ವರ್ಷ ಮುಂಚಿನ ಮಾತು. ಒಂದು ಮಧ್ಯಾಹ್ನ ಸವಿತಾ ಅನ್ನುವ ಹೆಣ್ಣುಮಗಳು ಅವರನ್ನು ಹುಡುಕಿಕೊಂಡು ಕಾಲೇಜಿಗೆ ಬಂದಳು. ಏಳೆಂಟು ವರ್ಷದ ಹಿಂದೆ ನಮ್ಮಲ್ಲೇ ಬಿ.ಎ. ಓದಿದವಳು. ಹಳೇಕೋಟೆ ಹೋಬಳಿಯ ಒಂದು ಊರಿಗೆ ಮದುವೆಯಾಗಿ ಹೋಗಿದ್ದಳು. ಬಂದವಳು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಅತ್ತಳು. ಮೇಷ್ಟ್ರು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, "ಮನೇಲಿ ಏನಾಯ್ತಮ್ಮ?" ಅಂದರು.

ಅವಳ ಗಂಡ ಲೋಕೇಶ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದ. ಅದೇ ಊರಿನ ಮಂಜ ಅವನನ್ನು ಅಲ್ಲಿಗೆ ಕರೆಸಿಕೊಂಡವನು. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗಾರರು. ಊರಿನ ಆರು ಜನ ಅಲ್ಲಿ ಒಂದೇ ರೂಮಿನಲ್ಲಿದ್ದು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದರು. ಈಗ ಲೋಕೇಶ ಮಂಜನಿಗೆ ಹೊಡೆದು ಮುಂದಿನ ಎರಡು ಹಲ್ಲು ಉದುರಿಸಿದ್ದ. ಮಂಜ ಆಸ್ಪತ್ರೆಯಿಂದಲೇ ಪೊಲೀಸಿಗೆ ದೂರು ಕೊಟ್ಟಿದ್ದ. ಲೋಕೇಶ ಒಳಗಿದ್ದ.

"ಮಂಜಣ್ಣನೇ ಓಗಿ ಮಾಫಿ ಮಾಡಿವ್ನಿ ಅಂತ ಬರ್ಕೊಟ್ರೆ ಬುಡ್ತಾರಂತೆ ಸಾ. ಇಲ್ದಿದ್ರೆ ಸಿಕ್ಸೆ ಮುಗಿಸಿ ಊರಿಗೆ ಕಳಿಸ್ಬುಡ್ತಾರಂತೆ. ಮತ್ತೆ ಆ ಕಡೆ ತಲೆ ಆಕಂಗಿಲ್ವಂತೆ. ಇನ್ನು ಅದ್ನೈದು ದಿನ ಟೈಮ್ ಐತೆ" ಎಂದಳು ಸವಿತಾ.

"ಹೊಡೆದಾಟ ಯಾಕಾಯ್ತು?"

"ನಮ್ಮೂರ ಡೈರಿಗೆ ಸಾ."

ನಾನು ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯಿತು. ಮೇಷ್ಟ್ರು ನಗಲಿಲ್ಲ. ಬರೆಯುವ ಹಾಳೆ ಹತ್ತಿರ ಎಳೆದುಕೊಂಡರು. ಅವರ ಕಣ್ಣಲ್ಲಿ ಒಂದು ಬಗೆಯ ಹುರುಪು ಕಾಣಿಸಿತು, ಕೂಡಲೇ ಆ ಹುರುಪಿಗೆ ಅವರೇ ಸಂಕೋಚಪಟ್ಟುಕೊಂಡದ್ದೂ ಕಾಣಿಸಿತು.

ಊರಿನಲ್ಲಿ ಮೇಲ್ಬೀದಿ, ಕೆಳಬೀದಿ ಎಂದು ಎರಡು ಪಾರ್ಟಿ. ಹಾಲಿನ ಡೈರಿ ಮೊದಲಿನಿಂದ ಮೇಲ್ಬೀದಿಯಲ್ಲಿತ್ತು. ಮಂಜನ ಅಪ್ಪನೇ ಬಹಳ ಕಾಲ ಅದರ ಅಧ್ಯಕ್ಷರು. ಡೈರಿಯ ಸೆಕ್ರೆಟರಿ ಕೆಳಬೀದಿಯವನು, ಲೋಕೇಶನ ಸ್ವಂತ ಅಣ್ಣ. ಅಧ್ಯಕ್ಷರು ಇದ್ದಕ್ಕಿದ್ದಂತೆ ಈ ಸೆಕ್ರೆಟರಿಯನ್ನು ತೆಗೆಯಲು ಹೊರಟರು. ಕೆಳಬೀದಿಯವರು ರೊಚ್ಚಿಗೆದ್ದು ಚುನಾವಣೆಗೆ ನಿಂತು ಗೆದ್ದರು. ಗೆದ್ದವರು ಡೈರಿಯನ್ನೇ ಕೆಳಬೀದಿಯ ಒಂದು ಗೋಡೌನಿಗೆ ಸಾಗಿಸಿಬಿಟ್ಟರು. ಡೈರಿಯ ಬೋರ್ಡನ್ನು ತಮಟೆ ಹೊಡೆಸಿಕೊಂಡು ಮೆರವಣಿಗೆಯಲ್ಲಿ ತಂದರಂತೆ. ಅದರ ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಮಸ್ಕತ್ತಿನಲ್ಲಿ ಆಗಲೇ ಒಂದು ಒಲೆ ಎರಡಾಗಿತ್ತು. ಲೋಕೇಶ ಆ ವಿಡಿಯೋವನ್ನು ದೊಡ್ಡ ಸದ್ದಿಟ್ಟು ನೋಡಿದ, ಮಂಜ ಫೋನ್ ಕಿತ್ತು ಗೋಡೆಗೆ ಬೀಸಿದ, ಲೋಕೇಶ ಕೈ ಎತ್ತಿದ.

ಈಗ ಊರಿನಲ್ಲಿ ಮಂಜನ ಅಪ್ಪ ಪಟ್ಟು ಹಿಡಿದಿದ್ದರು. ಡೈರಿ ಮೇಲ್ಬೀದಿಗೆ ಬರುವವರೆಗೂ ಮಾಫಿ ಬರೆದುಕೊಡಬೇಡ ಎಂದು ಮಗನಿಗೆ ತಾಕೀತು ಮಾಡಿದ್ದರು. ಕೆಳಬೀದಿಯವರು ಬೋರ್ಡು ಕದಲಿಸುವುದಿಲ್ಲ ಎಂದಿದ್ದರು. ಸವಿತಾ ಫೋನ್ ಮಾಡಿದರೆ ಮಂಜ ಎತ್ತುತ್ತಿರಲಿಲ್ಲ, ಅವಳ ನಂಬರನ್ನೇ ಬ್ಲಾಕ್ ಮಾಡಿದ್ದ. "ನಮ್ಮ ಭಾವ ಊಟ ಬುಟ್ಟವ್ರೆ ಸಾ. ಆದ್ರೂ ಬೀದಿಯೋರ ಮಾತು ಮೀರಕ್ಕೆ ಅವ್ರ ಕೈಲಿ ಆಯ್ತಿಲ್ಲ" ಎಂದಳು.

"ರಾಯಭಾರ ಕಚೇರಿಗೆ ಬರೆಯೋಣ ಸಾರ್" ಎಂದು ನಾನು ಹೇಳಿದೆ. "ಬರೆಯೋಣ, ಅದೂ ಆಗಲಿ. ಆದರೆ ಮೊದಲು ಊರಿಗೆ ಹೋಗಬೇಕು" ಅಂದರು.

ಶನಿವಾರ ಒಬ್ಬರೇ ಹೋದರು. ಸೋಮವಾರ ರೈಲಿನಲ್ಲಿ ಅವರ ಮುಖ ನೋಡಿದರೆ ಹರಳೆಣ್ಣೆ ಕುಡಿದ ಹಾಗಿತ್ತು. ಪೇಪರು ಮಡಚದೆ ಮಡಿಲಲ್ಲಿ ಬಿದ್ದಿತ್ತು.

"ಕೆಟ್ಟೆ ಮೇಡಂ. ಒಂದು ಲೋಟ ಕಾಫಿಗೆ ಕೆಟ್ಟೆ."

ನಡೆದದ್ದು ಇಷ್ಟು. ಬಸ್ಸು ಇಳಿದ ಕಡೆ ಸವಿತಾ ಬಂದು ಕಾದಿದ್ದಳು. ಮೇಷ್ಟ್ರನ್ನು ಮೊದಲು ತನ್ನ ಮನೆಗೆ ಕರೆದುಕೊಂಡು ಹೋದಳು. ಬಿಸಿಲಲ್ಲಿ ಬಂದಿದ್ದಾರೆಂದು ಕಾಫಿ ಕೊಟ್ಟಳು. ಇವರು ಕುಡಿದರು. ಅಲ್ಲಿಂದ ಮೇಲ್ಬೀದಿಗೆ ಹೋದರೆ ಮಂಜನ ಅಪ್ಪ ಜಗಲಿಯಿಂದ ಏಳಲೇ ಇಲ್ಲ. "ಕಾಫಿ ಆಯ್ತಲ್ಲ ಸಾ, ಇನ್ನೇನ್ ಮಾತು" ಅಂದರಂತೆ. ಎರಡು ಪಾರ್ಟಿಯ ಊರಿನಲ್ಲಿ ಹೊರಗಿನವನು ಮೊದಲು ಯಾರ ಮನೆಯಲ್ಲಿ ಲೋಟ ಹಿಡಿಯುತ್ತಾನೋ ಅವನು ಆ ಪಾರ್ಟಿಯವನು. ಇದು ನಮ್ಮ ಕಡೆ ಲಂಗ ಹಾಕುವ ಹುಡುಗಿಗೂ ಗೊತ್ತು. ನಮ್ಮೂರಿನಲ್ಲಿ ಮತ ಕೇಳಲು ಬಂದವರು ನೀರು ಕುಡಿಯಲೂ ಮೊದಲು ಲೆಕ್ಕ ಹಾಕುತ್ತಾರೆ. ಮಲ್ಲಿಪಟ್ಟಣದಲ್ಲಿ ಬೆಳೆದವರಿಗೆ ಗೊತ್ತಿರಲಿಲ್ಲವೇ ಎಂದು ನಾನು ತರಾಟೆಗೆ ತೆಗೆದುಕೊಂಡೆ.

"ಗೊತ್ತಿತ್ತು ಮೇಡಂ. ಆದರೆ ಅವಳು ಅಷ್ಟು ಪ್ರೀತಿಯಿಂದ ಕೊಟ್ಟಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ" ಎಂದರು. ಮೂವತ್ತು ವರ್ಷ ರಾಜತಾಂತ್ರಿಕತೆ ಕಲಿಸಿದವರು! ಬೈಯಬೇಕೆಂದಿದ್ದವಳಿಗೆ ಅವರ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು.

ಆಮೇಲೆ ಅವರೇ, "ಮುಂದಿನ ಸಲ ನೀವೂ ಬನ್ನಿ. ಗಂಡಸರನ್ನ ಕೇಳಿದ್ರೆ ಎಲ್ಲರೂ ಕಟ್ಟಡ, ಬೋರ್ಡು, ಕೋರಂ ಅಂತಾರೆ. ಚುನಾವಣೆಗಿಂತ ಮೊದಲೇ ಸೆಕ್ರೆಟರಿಯನ್ನ ಯಾಕೆ ತೆಗೆಯೋಕೆ ಹೊರಟ್ರು ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ನಿಮಗೆ ಹಿತ್ತಲಿಗೆ ಹೋಗೋಕೆ ಬಾಗಿಲು ತೆರೆದಿರುತ್ತೆ" ಅಂದರು.

ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆವು. ಈ ಸಲ ಆಟೋವನ್ನು ಸೀದಾ ಮೇಲ್ಬೀದಿಗೆ ಬಿಡಿಸಿದೆ. ಬಾಟಲಿಯ ನೀರು ಕೂಡ ಮುಟ್ಟಲು ಮೇಷ್ಟ್ರಿಗೆ ಬಿಡಲಿಲ್ಲ. ಮಂಜನ ಅಪ್ಪ ಒರಟಾಗಿಯೇ ಇದ್ದರು. ಆದರೆ ಮನೆ ಬಾಗಿಲಿಗೆ ಹೆಂಗಸೊಬ್ಬಳು ಬಂದಿದ್ದಾಳೆ, ಅದೂ ನೇರವಾಗಿ ತಮ್ಮ ಮನೆಗೇ ಬಂದಿದ್ದಾಳೆ ಅನ್ನುವುದಕ್ಕೆ ಸ್ವಲ್ಪ ಮೆತ್ತಗಾದರು. ಚಾಪೆ ಹಾಸಿದರು. ಮೇಷ್ಟ್ರು ಅವರ ಎದುರು ಕೂತು, ಕಾಫಿಯನ್ನು ಚೂರುಚೂರೇ ಕುಡಿಯುತ್ತ, ಡೈರಿ ಕಟ್ಟಡದ ಉದ್ದಗಲದ ವಿಚಾರ ಕೇಳಲು ಶುರುಮಾಡಿದರು. ನಾನು ಎದ್ದು ಹಿತ್ತಲಿಗೆ ಹೋದೆ.

ಮಂಜನ ಅವ್ವ ಗೌರಮ್ಮ ಅಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಮೇಲ್ಬೀದಿಯವರು ಈಗ ಪಕ್ಕದ ಊರಿನ ಡೈರಿಗೆ ಹಾಲು ಹಾಕುತ್ತಿದ್ದರು. ಗೌರಮ್ಮ ತೊಳೆದ ಕ್ಯಾನನ್ನು ಬಟ್ಟೆಯಿಂದ ಒರೆಸಿದರು. ಬಿಸಿಲಿಗೆ ಬೋರಲು ಹಾಕಿದರು. ಮತ್ತೆ ಎತ್ತಿ, ಒಳಗೆ ಕೈ ಹಾಕಿ, ಸೆರಗಿನಿಂದ ಇನ್ನೊಮ್ಮೆ ಒರೆಸಿದರು. ಮೂರನೇ ಸಲ ಒರೆಸಲು ಹೊರಟಾಗ ನಾನು, "ಅಷ್ಟ್ಯಾಕೆ ಒರೆಸ್ತೀರಿ ಅಮ್ಮ, ಹಾಲು ತಾನೆ ಹಾಕೋದು?" ಎಂದು ಕೇಳಿದೆ.

"ಒಂದ್ ತೊಟ್ಟು ನೀರು ಇರಬಾರ್ದು ಕಣವ್ವ" ಎಂದವರು ಕ್ಯಾನನ್ನು ಎದೆಗವಚಿಕೊಂಡು ಹಾಗೇ ಕೂತರು. ಆಮೇಲೆ ಅವರೇ ಹೇಳಿದರು.

ಡೈರಿಯಲ್ಲಿ ಹಾಲು ಅಳೆಯುವ ಮೊದಲು ಅದರಲ್ಲಿ ಒಂದು ಗಾಜಿನ ಕೊಳವೆ ತೇಲಿಬಿಡುತ್ತಾರೆ. ಹಾಲು ಗಟ್ಟಿಯಿದ್ದರೆ 'ಡಿಗ್ರಿ' ಸರಿ ಬರುತ್ತದೆ, ನೀರಾಗಿದ್ದರೆ ಕೊಳವೆ ಮುಳುಗುತ್ತದೆ. ಚುನಾವಣೆಗೂ ಮೂರು ತಿಂಗಳು ಮುಂಚೆ ಒಂದು ಸಂಜೆ ಗೌರಮ್ಮನ ಹಾಲಿಗೆ ಡಿಗ್ರಿ ಬರಲಿಲ್ಲ.

"ಅಸ ಉಸಾರಿರ್ನಿಲ್ಲ ಕಣವ್ವ, ನಾಕು ದಿನದಿಂದ ಮೇವು ಮುಟ್ಟಿರ್ನಿಲ್ಲ. ಆ ಸೆಕ್ರೆಟ್ರಿ, ನನ್ನ ಕೈಯಾಗೆ ಉಂಡು ಬೆಳ್ದವ್ನು, 'ಏನವ್ವ, ನೀರು ಬೆರ್ಸೀಯಾ' ಅಂತ ಕೂಗ್ದ. ಲೈನಲ್ಲಿ ಇಡೀ ಊರು ನಿಂತಿತ್ತು. ಅಧ್ಯಕ್ಷನ ಎಂಡ್ತಿ ಆಲಿಗೆ ನೀರು ಉಯ್ತಾಳೆ ಅಂದ್ರು. ನಾನು ಕ್ಯಾನು ಎತ್ಕೊಂಡು ಮನೆಗೆ ಬಂದ್ಬುಟ್ಟೆ. ಅವತ್ತಿಂದ ಕೆಳಬೀದಿ ಕಡೆ ತಲೆ ಎತ್ತಿ ನೋಡಿಲ್ಲ. ಯಜಮಾನ್ರಿಗೆ ಎದ್ರಿ ಆಮ್ಯಾಕೆ ಊರಲ್ಲಿ ಯಾರೂ ಆ ಮಾತು ಎತ್ನಿಲ್ಲ."

"ಯಜಮಾನರಿಗೆ ಹೇಳಿದ್ರಾ?"

"ಹೇಳ್ದೆ. ಅವನ್ನ ಕೆಲಸದಿಂದ ತೆಗಿತೀನಿ ಅಂತ ಎದ್ದೋದ್ರು. ಯಾಕೆ ತೆಗಿತೀರಿ ಅಂತ ಮೀಟಿಂಗ್‌ನಾಗೆ ಕೇಳಿದ್ರೆ ಏನಂತ ಹೇಳಾರು? ನಮ್ಮ ಮನೆ ಹಾಲಿಗೆ ನೀರು ಅಂದ ಅಂತ ಬಾಯಿ ಬುಟ್ಟು ಹೇಳಕ್ಕಾಯ್ತದಾ? ಕಟ್ಟಡ, ರೂಲ್ಸು ಅಂದ್ರು. ಆ ಕಟ್ಟಡ ಯಾವನ್ಗೆ ಬೇಕಿತ್ತವ್ವ?"

"ನಿಮಗೇನು ಬೇಕಮ್ಮ?" ಎಂದು ಕೇಳಿದೆ.

ಅವರು ಯೋಚಿಸಲೇ ಇಲ್ಲ. "ಅದೇ ಲೈನ್ ಮುಂದೆ, ಅದೇ ಬಾಯಲ್ಲಿ, ಸರಿ ಐತೆ ಅನ್ಬೇಕು. ಅಷ್ಟೆ."

ವಾಪಸ್ ಬರುವಾಗ ಆಟೋದಲ್ಲಿ ಇದನ್ನು ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರುಮಾಡಿದವರು ಹಳೇಕೋಟೆ ಬರುವವರೆಗೂ ಒರೆಸುತ್ತಲೇ ಇದ್ದರು. "ಮನೇಲಿ ಏನಾಗಿತ್ತು ಅಂತ ಮೂವತ್ತು ವರ್ಷ ಕೇಳಿದ್ದೀನಿ ಮೇಡಂ. ಉತ್ತರ ಇಷ್ಟು ಚಿಕ್ಕದಿರುತ್ತೆ ಅಂತ ನನಗೇ ಗೊತ್ತಿರಲಿಲ್ಲ" ಅಂದರು. ಸ್ವಲ್ಪ ಮುಂದೆ ಹೋದ ಮೇಲೆ ತಿದ್ದಿಕೊಂಡರು, "ಚಿಕ್ಕದು ಅನ್ನಬಾರದು. ಅವರಿಗೆ ಅದು ದೊಡ್ಡದೇ."

ಮಾರನೆಯ ದಿನ ಸವಿತಾ ತನ್ನ ಭಾವನನ್ನು, ಅಂದರೆ ಆ ಸೆಕ್ರೆಟರಿಯನ್ನು, ಕಾಲೇಜಿಗೆ ಕರೆತಂದಳು. ಮೂವತ್ತರ ಆಸುಪಾಸಿನ ಪೆಚ್ಚು ಮುಖದ ಮನುಷ್ಯ ಎಂದುಕೊಂಡಿದ್ದೆ, ಬಂದದ್ದು ನಲವತ್ತರ ಗಂಭೀರ ಗೃಹಸ್ಥ. ತಮ್ಮ ಒಳಗಾದ ಮೇಲೆ ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು. ಆದರೆ ಮಾತು ಬಂದಾಗ ಸೆಟೆದು ನಿಂತ.

"ನಾನ್ ಸುಳ್ ಹೇಳ್ನಿಲ್ಲ ಸಾ. ಅವತ್ತು ಡಿಗ್ರಿ ಇರ್ನಿಲ್ಲ. ಅಧ್ಯಕ್ಷರ ಮನೆ ಹಾಲು ಅಂತ ಬುಟ್ಟಿದ್ರೆ ಮಿಕ್ಕೋರು ಉಗೀತಿದ್ರು. ಈಗ ತಪ್ಪಾಯ್ತು ಅಂದ್ರೆ ನನ್ ಕೆಲ್ಸಕ್ಕೆ ಏನ್ ಮರ್ಯಾದೆ?"

"ಡಿಗ್ರಿ ಇರಲಿಲ್ಲ, ಸರಿ. ನೀರು ಬೆರೆಸಿದ್ದು ನೀನು ನೋಡಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ತಪ್ಪಾಯ್ತು ಅನ್ನು ಅಂತ ನಾನು ಹೇಳ್ತಿಲ್ಲಪ್ಪ" ಅಂದರು ಮೇಷ್ಟ್ರು. "ಸುಳ್ಳು ಹೇಳು ಅಂತಲೂ ಹೇಳ್ತಿಲ್ಲ. ಅವರು ಒಂದು ಸಂಜೆ ಹಾಲು ತರ್ತಾರೆ. ಅಳೆದು ನೋಡು. ಎಷ್ಟಿದೆಯೋ ಅಷ್ಟನ್ನೇ ಹೇಳು. ಆದರೆ ಅವತ್ತು ಎಷ್ಟು ಜೋರಾಗಿ ಹೇಳಿದ್ದೆಯೋ ಅಷ್ಟೇ ಜೋರಾಗಿ ಹೇಳು."

ಆತ ಸವಿತಾಳ ಕಡೆ ತಿರುಗಿದ. ಅವಳು ಕೈ ಮುಗಿದು ನಿಂತಿದ್ದಳು. ಕೊನೆಗೆ "ಬರ್ಲಿ ಸಾ" ಎಂದ.

ಶುಕ್ರವಾರ ಸಂಜೆ ನಾವಿಬ್ಬರೂ ಮೇಲ್ಬೀದಿಗೆ ಹೋದಾಗ ಮೊದಲೇ ಹೇಳಿಕಳಿಸಿದ್ದರಿಂದ ಗೌರಮ್ಮ ಹಾಲು ಕರೆದು ಸಿದ್ಧವಾಗಿದ್ದರು. ಹೊಸ ಸೀರೆ ಉಟ್ಟಿದ್ದರು. ಕ್ಯಾನು ಎತ್ತಿಕೊಂಡು ಹೊಸ್ತಿಲು ದಾಟಿದಾಗ ಜಗಲಿಯ ಮೇಲಿದ್ದ ಗಂಡ, "ಎಲ್ಗೆ?" ಎಂದರು. "ಡೈರಿಗೆ" ಎಂದರು ಗೌರಮ್ಮ. ಗಂಡ ಹೆಂಡತಿಯ ಮುಖ ನೋಡಿ, ಸುಮ್ಮನೆ ಟವೆಲ್ ಕೊಡವಿಕೊಂಡರು.

ಕೆಳಬೀದಿಯ ಗೋಡೌನಿನ ಮುಂದೆ ಸಾಲು ಇತ್ತು. ಗೌರಮ್ಮ ಬರುತ್ತಿದ್ದಂತೆ ಗುಸುಗುಸು ನಿಂತುಹೋಯಿತು. ಮುಂದಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು, "ಬನ್ನಿ ಗೌರಕ್ಕ, ನೀವು ಮೊದ್ಲು ಆಕಿ" ಎಂದಳು. "ಲೈನಲ್ಲೇ ಬತ್ತೀನಿ" ಎಂದು ಗೌರಮ್ಮ ಎಲ್ಲರ ಹಿಂದೆ ನಿಂತರು. ಅವರ ಮುಂದೆ ಹನ್ನೊಂದು ಜನ ಇದ್ದರು. ಆ ಹನ್ನೊಂದು ಕ್ಯಾನು ಅಳೆಯುವಷ್ಟು ಹೊತ್ತು ನನಗೆ ಕಾಲು ನಿಲ್ಲಲಿಲ್ಲ. ಆಗ ಇನ್ನೊಂದು ಭಯವೂ ಹುಟ್ಟಿತು, ಇವತ್ತೂ ಡಿಗ್ರಿ ಬರದಿದ್ದರೆ? ಮೇಷ್ಟ್ರ ಕಡೆ ನೋಡಿದೆ. ಅದನ್ನು ಅವರೂ ಆಗಷ್ಟೇ ಯೋಚಿಸಿದವರಂತೆ ಬೆವರುತ್ತಿದ್ದರು. ಯುದ್ಧಗಳ ತಾರೀಖೆಲ್ಲ ಬಾಯಿಪಾಠವಿದ್ದ ಮನುಷ್ಯನಿಗೆ ಹಸುವೊಂದನ್ನು ಮೊದಲೇ ಪರೀಕ್ಷಿಸಬೇಕೆಂದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ.

ಗೌರಮ್ಮನ ಸರದಿ ಬಂತು. ಸೆಕ್ರೆಟರಿ ತಲೆಯೆತ್ತದೆ ಹಾಲು ತೆಗೆದುಕೊಂಡ. ಕೊಳವೆ ಬಿಟ್ಟ. ಅದು ಮುಳುಗಿ, ಮೇಲೆದ್ದು, ಅಲುಗಾಡಿ ನಿಂತಿತು. ಅವನು ಬಗ್ಗಿ ನೋಡಿದ. ಇನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ನೆಟ್ಟಗೆ ನಿಂತು, ಇಡೀ ಬೀದಿಗೆ ಕೇಳುವಂತೆ ಕೂಗಿದ.

"ಇಪ್ಪತ್ತೊಂಬತ್ತು! ಗೌರವ್ವನ ಹಾಲು ಸರಿ ಐತೆ. ಇವತ್ತು ಬಂದಿರೋದ್ರಾಗೆ ಇದೇ ಗಟ್ಟಿ."

ಸವಿತಾ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು. ಗೌರಮ್ಮ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಎಲ್ಲವ್ವ ನಿನ್ ಫೋನು? ನನ್ ಮಗನ್ಗೆ ಆಕ್ಕೊಡು" ಎಂದರು. ಮಂಜನ ನಂಬರು ಸವಿತಾ ಕೊಟ್ಟಳು. ನನ್ನ ನಂಬರು ಅವನಿಗೆ ಗೊತ್ತಿಲ್ಲದ್ದರಿಂದ ಎತ್ತಿದ. ಗೌರಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಿ ಹಿಡಿದೆ. ಸಾಲಿನಲ್ಲಿದ್ದವರೆಲ್ಲ ಸುತ್ತ ನೆರೆದರು.

"ಮಗಾ, ನಾನು ಕಣೋ ಅವ್ವ. ನಮ್ಮ ಹಾಲು ಸರಿ ಐತಂತೆ. ಎಲ್ಲಾರ ಮುಂದೆ ಹೇಳ್ದ. ಮುಗೀತು. ನೀನು ಈಗ್ಲೇ ಓಗಿ ಬರ್ಕೊಟ್ಟು ಲೋಕೇಸನ್ನ ಕರ್ಕೊಂಡು ಬಾ."

ಆ ಕಡೆಯಿಂದ, ಮುಂದಿನ ಹಲ್ಲಿಲ್ಲದ ಬಾಯಿಂದ, ಗಾಳಿ ಬೆರೆತ ಮಾತು ಬಂತು.

"ಯಾವ ಹಾಲವ್ವ?"

ಸೆಕ್ರೆಟರಿ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಗೌರಮ್ಮ ಫೋನನ್ನೇ ನೋಡಿದರು. ತಾನು ಮಗನಿಗೆ ಇದನ್ನು ಒಂದು ದಿನವೂ ಹೇಳಿಲ್ಲ ಅನ್ನುವುದು ಆ ಗಳಿಗೆಯಲ್ಲಿ ಅವರಿಗೆ ಹೊಳೆದಿರಬೇಕು. ಅವನು ಹಲ್ಲು ಕಳೆದುಕೊಂಡದ್ದು, ಜೊತೆಗಾರನನ್ನು ಜೈಲಿಗೆ ಕಳಿಸಿದ್ದು ಎಲ್ಲ ಒಂದು ಕಟ್ಟಡಕ್ಕೆ ಎಂದು ಅವನು ನಂಬಿದ್ದ. ನಾನು ಮೇಷ್ಟ್ರ ಕಡೆ ತಿರುಗಿದೆ. ಮೂವತ್ತು ವರ್ಷ ಮಾತಾಡಿದ ಆ ಮನುಷ್ಯ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

"ಆಮ್ಯಾಕೆ ಹೇಳ್ತೀನಿ ಕಣ್ಲಾ" ಎಂದರು ಗೌರಮ್ಮ ಮೆಲ್ಲಗೆ. "ಮೊದ್ಲು ಅವನ್ನ ಕರ್ಕೊಂಡು ಬಾ. ಇಬ್ರೂ ಒಂದೇ ಒಲೇಲಿ ಬೇಯ್ಸ್ಕೊಂಡು ಉಂಡು, ಆಮೇಲೆ ಫೋನ್ ಮಾಡಿ."

ನಾಲ್ಕನೇ ದಿನ ಲೋಕೇಶ ಹೊರಗೆ ಬಂದು, ಮಂಜನೂ ಅವನೂ ಒಟ್ಟಿಗೆ ಕೂತು ಫೋನ್ ಮಾಡಿದರಂತೆ. ಗೌರಮ್ಮ ಡೈರಿಯ ಸಾಲಿನಲ್ಲಿ ನಿಂತುಕೊಂಡೇ, ಸವಿತಾಳ ಫೋನಿನಲ್ಲಿ, ಇಬ್ಬರಿಗೂ ಮೊದಲಿನಿಂದ ಹೇಳಿದರಂತೆ.